ಹಳೇ 207 ಪಿಕಪ್: ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸೋದೋ, ಬಾಕ್ಸೇ ಬದಲಿಸೋದೋ?

ಗುಲ್ಟೇಕಡಿ ಗಾಡಿ:
ಟಾಟಾ 207 ಡಿಐ, 2006ರ ಮಾಡೆಲ್, ಐದು ಗೇರು. ಪುಣೆ ಮಾರ್ಕೆಟ್ ಯಾರ್ಡಿನಿಂದ ಸಾತಾರಾ ಕಡಿ ಉಳ್ಳಾಗಡ್ಡಿ, ಬೆಲ್ಲ ಹೊಡಿಯೋ ಗಾಡಿ. ಮೂರು ತ್ರಾಸ ಅವ. ಎರಡನೇ ಗೇರಿಗಿ ಇಳಿಸಬೇಕಾದ್ರ ಕರ್ರ್ ಅಂತದ. ಖಂಬಾಟಕಿ ಘಾಟ್ ಇಳಿಯೋವಾಗ ಆಕ್ಸಿಲರೇಟರ್ ಬಿಟ್ರ ಮೂರನೇ ಗೇರ್ ತಾನಾಗೇ ನ್ಯೂಟ್ರಲಿಗಿ ಜಿಗೀತದ. ನ್ಯೂಟ್ರಲಿನಾಗ ನಿಂತಾಗ ಗರಗರ ಸಪ್ಪಳ, ಕ್ಲಚ್ ಒತ್ತಿದ ಕೂಡ್ಲೇ ಬಂದ್. ಗ್ಯಾರೇಜಿನವ್ರು ನೋಡ್ದೇನೇ "ಬಾಕ್ಸೇ ಚೇಂಜ್ ಮಾಡ್ರಿ" ಅಂತಾರ. ಖರೇನ ಬೇಕೇನ್ರಿ?

ಭೋಸರಿ ಬಾಕ್ಸ್:
ಅಣ್ಣಾರ, ಮೂರೂ ಸೇರಿ ಒಂದ ರೋಗ ಅಂತ ತಿಳೀಬ್ಯಾಡ್ರಿ. ಒಂದೊಂದಕ್ಕ ಒಂದೊಂದು ಕಾರಣ ಇರತೈತಿ.

ನ್ಯೂಟ್ರಲ್ ಸಪ್ಪಳ ಬಾಕ್ಸಿನ ಒಳಗಿಂದು. ಕ್ಲಚ್ ಬಿಟ್ಟಾಗ ಇಂಜಿನ್ನಿಂದ ಬಾಕ್ಸಿಗೆ ಬರೂ ಕ್ಲಚ್ ಶಾಫ್ಟ್ ತಿರಗತೈತಿ, ಅದರ ಜೋಡಿ ಕೆಳಗಿನ ಕೌಂಟರ್ ಶಾಫ್ಟೂ ತಿರಗತೈತಿ. ಒತ್ತಿದ್ರ ಎರಡೂ ನಿಲ್ಲತಾವು. ಅಂದ್ರ ಈ ಎರಡರ ಬೇರಿಂಗಿನಾಗ ಒಂದು ಹೋಗೇತಿ. ಯಾವುದು ಅಂತ ತಿಳೀಬೇಕಂದ್ರ ಲೋಡ್ ಹಾಕಿ ನಾಲ್ಕನೇ ಗೇರಿನಾಗ ಓಡಿಸ್ರಿ. ನಾಲ್ಕನೇದು ಡೈರೆಕ್ಟ್ (ಇಂಜಿನ್ನಿನ ಎಳೆತ ನೆಟ್ಟಗ ಹಿಂದ ಹೋಗತೈತಿ), ಕೌಂಟರ್ ಶಾಫ್ಟ್ ತಿರಗತೈತಿ ಖರೆ, ಅದರ ಮ್ಯಾಲೆ ಎಳೆತ ಬೀಳೂದಿಲ್ಲ. ಉಳಿದ ಗೇರಿನಾಗ ಅರಚಿ ನಾಲ್ಕರಾಗ ಸುಮ್ಮನಾದ್ರ ಕೌಂಟರ್ ಶಾಫ್ಟ್ ಬೇರಿಂಗು. ಉಲ್ಟಾ, ಕ್ಲಚ್ ಒತ್ತಿದಾಗ ಅಷ್ಟ ಸಪ್ಪಳ ಬರಾಕತ್ತಿದ್ರ ರಿಲೀಸ್ ಬೇರಿಂಗ್ (ಕ್ಲಚ್ಚನ್ನ ಒತ್ತೂ ಬೇರಿಂಗು) ಇಲ್ಲಾ ಪೈಲಟ್ ಬೇರಿಂಗ್ (ಕ್ಲಚ್ ಶಾಫ್ಟಿನ ತುದಿ ಕೂರೂದು). ಅದಕ್ಕ ಬಾಕ್ಸ್ ಬಿಚ್ಚೂ ಮಾತ ಇಲ್ಲ, ಇಳಿಸಿದ್ರ ಸಾಕು.

ಮೂರನೇದು ಜಿಗಿಯೂದಕ್ಕ ಮೊದಲ ಬಾಕ್ಸಿನ ಕೆಳಗಿನ ಮೌಂಟಿಂಗ್ ರಬ್ಬರ್ ನೋಡ್ರಿ. ಅದು ಹರಿದಿದ್ರ ಆಕ್ಸಿಲರೇಟರ್ ಬಿಟ್ಟಾಗ ಬಾಕ್ಸೇ ಕುಣೀತೈತಿ, ಲಿವರ್ ಎಳದಂಗ ಆಗತೈತಿ. ಆಮ್ಯಾಲೆ ಶಿಫ್ಟರ್ ರಾಡನ್ನ ಜಾಗಾದಾಗ ಹಿಡಿಯೂ ಗುಂಡು ಮತ್ತ ಸ್ಪ್ರಿಂಗು. ಅವೆರಡೂ ಚಲೋ ಇದ್ರ ಡಾಗ್ ಹಲ್ಲು (ಗೇರನ್ನ ಶಾಫ್ಟಿಗೆ ಕಚ್ಚಿಸೂ ಸಣ್ಣ ಹಲ್ಲು) ಸವದಾವು ಅಂತ ಲೆಕ್ಕ. ಹೊಸಾ ಹಲ್ಲಿಗೆ ಬುಡದ ಕಡೆ ಒಂಚೂರು ಇಳಿಜಾರು ಇರತೈತಿ, ಲೋಡ್ ಬಿದ್ದಷ್ಟೂ ಅದರ ಮ್ಯಾಲೆ ಜಾರಿ ಕೂಡೂ ಸ್ಲೀವನ್ನ ಒಳಗ ಎಳಕೊಂತೈತಿ. ಸವದು ಗುಂಡಗಾದ್ರ ಅದ ಲೋಡ್ ಹೊರಗ ನೂಕತೈತಿ.

ಎರಡನೇದರ ಕರ್ರ್ ಸಿಂಕ್ರೋ ರಿಂಗಿಂದ (ಗೇರ್ ಬೀಳೂ ಮೊದಲ ತಿಕ್ಕಿ ವೇಗ ಸಮ ಮಾಡೂ ಹಿತ್ತಾಳಿ ಬಳಿ) ಇರಬಹುದು, ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನನ್ನ ಪೂರ್ತಿ ಬಿಡದ ಇದ್ರೂ ಆಗಬಹುದು. ಹಿಂಗ ನೋಡ್ರಿ: ಇಂಜಿನ್ ಐಡ್ಲಿಂಗ್, ಕ್ಲಚ್ ಪೂರ್ತಿ ಒತ್ತಿ ಆರು ಸೆಕೆಂಡ್ ಎಣಿಸಿ ರಿವರ್ಸ್ ಹಾಕ್ರಿ. ಅಷ್ಟೊತ್ತಾದ್ರೂ ಹಲ್ಲು ಕಡದ್ರ ತಪ್ಪು ಕ್ಲಚ್ಚಿಂದು.

ಚಿಂಚವಡ್ ಲೇತ್:
ಒಂದು ಸೇರಿಸ್ತೀನಿ. ಓಡುವಾಗ ಊಳಿಡೋ ಸದ್ದು ಇದ್ದರೆ ಅದು ಗೇರ್‌ಬಾಕ್ಸೋ ಹಿಂದಿನ ಹೌಸಿಂಗೋ (ಹಿಂದಿನ ಚಕ್ರಗಳ ನಡುವಿನ ಆಕ್ಸಲ್) ಅಂತ ಬೇರೆ ಮಾಡ್ಕೊಳ್ಳಿ. ಗಂಟೆಗೆ 50 ಕಿ.ಮೀ.ನಲ್ಲಿ ನಾಲ್ಕನೇ ಗೇರಲ್ಲಿ ಕೇಳಿ, ಅದೇ ವೇಗದಲ್ಲಿ ಐದನೇದಕ್ಕೆ ಹಾಕಿ. ಸ್ವರ ಬದಲಾಗದಿದ್ದರೆ ಆ ಹೌಸಿಂಗಿನ ಒಳಗಿನ ಗೇರ್ ಜೋಡಿ ಕ್ರೌನ್ ಪಿನಿಯನ್, ಅಥವಾ ಬಾಕ್ಸಿನಿಂದ ಅಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟ್. ಬಾಕ್ಸ್ ಬದಲಿಸಿದ ಮೇಲೂ ಅದೇ ಸದ್ದು ಉಳಿದು ಜಗಳ ಆಗೋದು ಇಂಥ ಕೇಸಲ್ಲೇ.

ಕುರ್ಲಾ ಕ್ಲಚ್:
ಆಯಿಲ್ ಇಳಿಸಿ ನೋಡದೆ ತೀರ್ಮಾನ ಬೇಡ ಮಾರಾಯ್ರೆ. ಆದರೆ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್. ಫಿಲ್ಲರ್ ಜಾಮ್ ಆಗಿ ಅದರ ಮೂಲೆ ಉರುಟಾಗಿ ಹೋದರೆ, ಆಯಿಲ್ ಇಲ್ಲದ ಗಾಡಿ ನಿಂತಲ್ಲೇ ಬಾಕಿ. ಒಂದಿಷ್ಟು ದೂರ ಓಡಿಸಿ ಆಯಿಲ್ ಬಿಸಿ ಇರುವಾಗಲೇ ಇಳಿಸಿ, ಬಿಳಿ ಟ್ರೇಗೆ. ಚಿನ್ನದ ಪುಡಿ ಹಾಗೆ ಹೊಳೆಯುವುದು ಸಿಂಕ್ರೋ ರಿಂಗಿನ ಹಿತ್ತಾಳೆ, ಸ್ವಲ್ಪ ಇದ್ದರೆ ಹೆದರಬೇಡಿ. ಪ್ಲಗ್ಗಿನ ಆಯಸ್ಕಾಂತಕ್ಕೆ ಕಪ್ಪು ಹಿಟ್ಟು ಮೆತ್ತಿದ್ದರೂ ಸಹಜವೇ. ಮೂಲೆ ಇರುವ ಉಕ್ಕಿನ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ. ತೆಳ್ಳಗೆ ಪದರದ ಹಾಗೆ ಎದ್ದ ಚೂರಾದರೆ ಬೇರಿಂಗಿನ ಟ್ರ್ಯಾಕ್ ಎದ್ದಿದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ನೀರು ಹೊಕ್ಕಿದೆ.

ಗುಲ್ಟೇಕಡಿ ಗಾಡಿ:
ನೋಡ್ದೆ. ಮೌಂಟಿಂಗ್ ರಬ್ಬರ್ ಚೊಲೋ ಅದ. ಆರು ಸೆಕೆಂಡ್ ಬಿಟ್ಟು ಹಾಕಿದ್ರ ರಿವರ್ಸ್ ಸಪ್ಪಳ ಇಲ್ದೇ ಬೀಳ್ತದ. ನಾಲ್ಕನೇದರಾಗ ಸಪ್ಪಳ ಭಾಳ ಕಮ್ಮಿ. ಆಯಿಲಿನಾಗ ಹಿತ್ತಾಳಿ ಪುಡಿ ಬೇಕಾದಷ್ಟದ, ಜ್ವಾಳದ ಕಾಳಿನಷ್ಟು ಎರಡು ಉಕ್ಕಿನ ಚೂರು. ಒಂದಕ್ಕ ಹಲ್ಲಿನ ಅಂಚು ಸಾಫ್ ಕಾಣಸ್ತದ.

ಭೋಸರಿ ಬಾಕ್ಸ್:
ಹಂಗಾದ್ರ ಇಳಿಸೂದ ಬಂತು. ಇಳಿಸಿದ ಮ್ಯಾಲೆ ರಿಪೇರಿನೋ ಬದಲಿನೋ ಅನ್ನೂದು ಲೆಕ್ಕದ ಮಾತು. ಬೇರಿಂಗ್ ಸೆಟ್, ಸಿಂಕ್ರೋ ರಿಂಗ್, ಸೀಲು ಇಷ್ಟ ಆಗಿದ್ರ ರಿಪೇರಿ ಮಾಡಿಸ್ರಿ ಅಂತಿದ್ದೆ. ಹಲ್ಲು ಮುರದೈತಿ ಅಂದ ಮ್ಯಾಲೆ ಗೇರನ್ನ ಜೋಡೀಲೆ ಬದಲಿಸಬೇಕು. ಹಳೇ ಹಲ್ಲಿಗೆ ಹೊಸಾ ಹಲ್ಲು ಕೂಡಿಸಿದ್ರ ಮೊದಲನೇ ದಿನದಿಂದ ಊಳಿಡತೈತಿ, ಬ್ಯಾಗನ ಸವೀತೈತಿ. ಕೌಂಟರ್ ಶಾಫ್ಟಿನ ಗೇರು ಒಂದ ತುಂಡಿನಾಗ ಇದ್ರ ಆ ತುಂಡು ಪೂರಾ ಹೊಸಾದು. ಮೂರನೇದರ ಹಬ್ಬು, ಸ್ಲೀವು, ಫೋರ್ಕು ಬ್ಯಾರೆ. ಅದರ ಮ್ಯಾಲೆ ಕೇಸಿನ ಬೇರಿಂಗ್ ಕೂರೂ ಮನಿ ಸವದು ಬೇರಿಂಗಿನ ಹೊರಗಿನ ಬಳಿ ಬೆರಳಿಗೆ ತಿರಗಾಕತ್ತಿದ್ರ ಆ ಕೇಸಿಗೆ ಎಷ್ಟು ಸುರಿದ್ರೂ ದಂಡ.

ಚಿಂಚವಡ್ ಲೇತ್:
ಆ ಮನೆಗೆ ಬುಷ್ ಹಾಕಿ ಬೋರ್ ಮಾಡಬಹುದು. ಎರಡೂ ಬದಿಯ ಬೋರು ಒಂದೇ ಸೆಂಟರಿಗೆ ಬರಬೇಕು, ಅದಕ್ಕೆ ಬೋರಿಂಗ್ ಮೆಷಿನ್ ಇರೋ ಕಡೆಗೇ ಕೊಡಿ. ಕೈ ಅಂದಾಜಿನಲ್ಲಿ ಮಾಡಿದರೆ ಗೇರು ಓರೆಯಾಗಿ ಕಚ್ಚುತ್ತವೆ. ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು ಬೇರಿಂಗ್ ಬಿಗಿ ಮಾಡೋದು ರಿಪೇರಿ ಅಲ್ಲ, ಗಾಡಿ ಮಾರೋ ತನಕ ದಿನ ದೂಡೋ ಉಪಾಯ.

ಕುರ್ಲಾ ಕ್ಲಚ್:
ಹಾಗಾದರೆ ಸೆಕೆಂಡ್ ಹ್ಯಾಂಡ್ ಬಾಕ್ಸ್. ಮುಂಬೈ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಕೇಳಿದರೆ 207ರ ಬಾಕ್ಸ್ ಸಿಗದೆ ಇರುವುದಿಲ್ಲ. ಅಂಗಡಿಯವ "ಓಡ್ತಾ ಇದ್ದ ಗಾಡಿಯದ್ದು" ಹೇಳಿಯೇ ಹೇಳ್ತಾನೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ಹಳೆಯ ಕ್ಲಚ್ ಪ್ಲೇಟ್ ಬಗಲಿಗೆ ಹಾಕಿಕೊಂಡು ಹೋಗಿ. ಹೊಸ ಬಾಕ್ಸಿನ ಶಾಫ್ಟಿಗೆ ಅದು ಸರಾಗ ಜಾರಬೇಕು, ಹಿಡಿದು ಓರೆಯಾಗಿ ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ಹಿಂದಿನ ಫ್ಲೇಂಜಿನ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ಬಿಲ್ಲೆ) ಬೋಲ್ಟು ತೂತು, ಬಾಕ್ಸಿನ ಒಟ್ಟು ಉದ್ದ, ಬೆಲ್ ಹೌಸಿಂಗಿನ (ಇಂಜಿನ್ನಿಗೆ ಕೂಡುವ ಮುಂದಿನ ಕವಚ) ತೂತು ಇವನ್ನು ಅಳೆದು ಫೋಟೋ ಇಟ್ಟುಕೊಳ್ಳಿ.

ಮತ್ತೆ ಚಾಕ್‌ಪೀಸು. ಕ್ಲಚ್ ಶಾಫ್ಟಿಗೆ ಒಂದು ಗೆರೆ, ಹಿಂದಿನ ಫ್ಲೇಂಜಿಗೆ ಒಂದು ಗೆರೆ. ಒಂದನೇ ಗೇರಿಗೆ ಹಾಕಿ ಕೈಯಿಂದ ತಿರುಗಿಸಿ. ಹಿಂದಿನ ಗೆರೆ ಹತ್ತು ಸುತ್ತು ಬರುವಷ್ಟರಲ್ಲಿ ಮುಂದಿನದ್ದು ಎಷ್ಟು ಸುತ್ತಿತು ಎಣಿಸಿ. ಬಾಕ್ಸಿನ ಪ್ಲೇಟಿನಲ್ಲಿ ಜಿಬಿಎಸ್ 76-5/4.10 ಅಂತ ಇದ್ದರೆ (4.10 ಅನ್ನುವುದು ಒಂದನೇ ಗೇರಿನ ಅನುಪಾತ) 41 ಬರಬೇಕು, ನಾಲ್ಕನೇ ಗೇರಲ್ಲಿ ಹತ್ತಕ್ಕೆ ಹತ್ತು. ಲೆಕ್ಕ ತಪ್ಪಿದರೆ ಒಳಗೆ ಬೇರೆ ಬಾಕ್ಸಿನ ಗೇರು ತುಂಬಿದ್ದಾರೆ. ತಿರುಗಿಸುವಾಗಲೇ ಬೆರಳಿಗೆ ಗೊತ್ತಾಗ್ತದೆ: ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಸಣ್ಣ ಎಡವು ಸಿಕ್ಕಿದರೆ ಅಲ್ಲೊಂದು ಹಲ್ಲಿನ ಕಥೆ ಮುಗಿದಿದೆ.

ಕ್ಲಚ್ ಶಾಫ್ಟಿನ ತುದಿ ಅಕ್ಕಪಕ್ಕ ಒಂಚೂರು ಆಡುವುದು ಸಹಜ, ಆ ತುದಿ ಇಂಜಿನ್ನಿನ ಪೈಲಟ್ ಬೇರಿಂಗಿನಲ್ಲಿ ಕೂರುವಂಥದ್ದು. ಹಿಂದೆ ಮುಂದೆ ಟಕ್ ಅಂತ ಹೊಡೆದರೆ ಬೇಡ. ಡ್ರೈನ್ ಪ್ಲಗ್ ಬಿಚ್ಚಿಸಿ. ಗ್ರೀಸಿನ ಹಾಗೆ ದಪ್ಪ ಆಯಿಲ್ ಬಂದರೆ ಸದ್ದು ಅಡಗಿಸಲು ಹಾಕಿದ್ದು ಅಂತಲೇ ತಿಳಿಯಿರಿ.

ಭೋಸರಿ ಬಾಕ್ಸ್:
ಕುರ್ಲಾ ಅಣ್ಣಾ ಹೇಳಿದ್ದು ಬರೋಬ್ಬರಿ, ಆದ್ರ ಮ್ಯಾಲಿನ ಕವರ್ ತಗಸದ ರೊಕ್ಕಾ ಕೊಡಬ್ಯಾಡ್ರಿ. ಸಿಂಕ್ರೋ ರಿಂಗನ್ನ ಬೆರಳಿಲೆ ಗೇರಿನ ಕೋನಿಗೆ (ಇಳಿಜಾರು ಮುಖಕ್ಕ) ಒತ್ತಿ ಹಿಡದು, ರಿಂಗು ಮತ್ತ ಡಾಗ್ ಹಲ್ಲಿನ ನಡುವ ಫೀಲರ್ ಗೇಜ್ (ಸಂದಿ ಅಳಿಯೂ ತೆಳ್ಳನ ಪಟ್ಟಿ) ಹಾಕ್ರಿ. ಹೊಸಾದಕ್ಕ ಒಂದು ಮಿ.ಮೀ. ಸುತ್ತಮುತ್ತ ಇರತೈತಿ. ಅರ್ಧ ಮಿ.ಮೀ.ಗಿಂತ ಕಡಿಮಿ ಆದ್ರ ಆ ರಿಂಗು ಇನ್ನ ಕೋನನ್ನ ಹಿಡಿಯೂದಿಲ್ಲ. ಎರಡನೇದು ಮತ್ತ ಮೂರನೇದು ಅಷ್ಟ ನೋಡಿದ್ರ ಸಾಕು, ಸರಕಿನ ಗಾಡ್ಯಾಗ ಮೊದಲು ಸಾಯೂದು ಅವ. ಡಾಗ್ ಹಲ್ಲಿನ ತುದಿ ಉಳಿಯಂಗ ಚೂಪ ಇರಬೇಕು.

ಪುಣೆದಾಗ ಮೊದಲ ಗುಜರಿ ಅಂದ್ರ ಚಿಖಲಿ-ಕುದಳವಾಡಿ ಇತ್ತು. 2025ರ ಫೆಬ್ರವರಿದಾಗ ಪಿಂಪ್ರಿ-ಚಿಂಚವಡ್ ಪಾಲಿಕೆ ಅಲ್ಲಿನ ಗೋದಾಮು ಕೆಡವಿದ ಮ್ಯಾಲೆ ಭಂಗಾರದವರು ದಿಕ್ಕಾಪಾಲಾದ್ರು. ಸೀಲು, ಬೇರಿಂಗು, ಕ್ಲಚ್ ಸೆಟ್ ಹೊಸಾವು ನಾನಾ ಪೇಠದಾಗ ಸಿಗತಾವು. ಬಾಕ್ಸ್ ಎಲ್ಲೇ ತಗೋರಿ, ಬಿಲ್ ಇರಲಿ, ಬಿಲ್ಲಿನ ಮ್ಯಾಲೆ ಬಾಕ್ಸಿನ ನಂಬರ್ ಬರಸ್ರಿ.

ಗುಲ್ಟೇಕಡಿ ಗಾಡಿ:
ಬಾಕ್ಸ್ ಸಿಕ್ತು. ಕವರ್ ತಗಸಿ ನೋಡ್ದೆ, ಎರಡನೇದರ ರಿಂಗ್ ಗ್ಯಾಪ್ 0.9, ಮೂರನೇದು 0.8. ಲೆಕ್ಕ 41 ಬಂತು. ಇಳಿಸೋದು ನಾನೂ ತಮ್ಮನೂ ಕೂಡಿ. ಏನೇನು ನೋಡ್ಕೋಬೇಕು?

ವಾಸ್ಕೊ ವರ್ಕ್‌ಶಾಪ್:
ಸಮತಟ್ಟಾದ ಸಿಮೆಂಟ್ ನೆಲ ಬೇಕು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ಗೇರಿನಲ್ಲಿ ಹಾಕಿಟ್ಟರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ನಾಲ್ಕೂ ಚಕ್ರಕ್ಕೆ ಅಡ್ಡಗಟ್ಟಿ, ಎತ್ತಿದ ಚಾಸಿಗೆ ಸ್ಟ್ಯಾಂಡ್. ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗಬೇಡಿ, ಕಲ್ಲು ಇಟ್ಟಿಗೆಯನ್ನಂತೂ ನಂಬಲೇಬೇಡಿ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟಾರ್ಟರಿನ ದಪ್ಪ ವೈರಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಪಾನಾ ತಾಗಿದರೆ ವೆಲ್ಡಿಂಗ್ ಆದ ಹಾಗೆ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ಫ್ಲೇಂಜಿಗೆ ಅಡ್ಡಲಾಗಿ ಉಳಿಯಿಂದ ಗುರುತು ಹಾಕಿ, ಪೇಂಟ್ ಗುರುತು ಡೀಸೆಲ್ ತಾಗಿದರೆ ಹೋಗುತ್ತದೆ. ಶಾಫ್ಟ್ ಎರಡು ತುಂಡಿನದ್ದಾಗಿ ನಡುವಿನ ಸ್ಪ್ಲೈನ್ (ಉದ್ದ ಗೀರು ಹಲ್ಲಿನ ಜೋಡಣೆ) ಬಿಚ್ಚಿಕೊಂಡರೆ ಅಲ್ಲಿಯೂ ಗುರುತು ಬೇಕು. ಎರಡು ತುದಿಯ ಯೋಕ್ (ಕವಲು) ಒಂದೇ ಸಾಲಿಗೆ ಬರದಿದ್ದರೆ ಮುಂದೆ ಗಾಡಿ ನಡುಗುತ್ತದೆ, ತಪ್ಪೆಲ್ಲ ಹೊಸ ಬಾಕ್ಸಿನ ತಲೆಗೆ ಬರುತ್ತದೆ. ಆಮೇಲೆ ಗೇರ್ ಲಿವರ್, ರಿವರ್ಸ್ ಲೈಟಿನ ವೈರ್, ಸ್ಪೀಡೋಮೀಟರ್ ಕೇಬಲ್, ಸ್ಟಾರ್ಟರ್, ಸೈಲೆನ್ಸರ್ ಪೈಪಿನ ಕ್ಲ್ಯಾಂಪ್. ಕ್ಲಚ್ಚಿಗೆ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ದ್ರವದ ಮೂಲಕ ಮುಟ್ಟಿಸುವುದು) ಇದ್ದರೆ ಪೈಪ್ ಬಿಚ್ಚಬೇಡಿ, ಸಿಲಿಂಡರನ್ನು ಹಾಗೆಯೇ ಬದಿಗೆ ಕಟ್ಟಿ. ಕ್ಯಾಬಿನ್ನಿಗೆ ಹತ್ತಿದವರು ಯಾರೂ ಪೆಡಲ್ ತುಳಿಯದ ಹಾಗೆ ನೋಡಿಕೊಳ್ಳಿ, ತುಳಿದರೆ ಪಿಸ್ಟನ್ ಹೊರಗೆ ಹಾರುತ್ತದೆ.

ಕ್ರಾಸ್ ಮೆಂಬರ್ (ಬಾಕ್ಸನ್ನು ಹೊರುವ ಅಡ್ಡಪಟ್ಟಿ) ತೆಗೆಯುವ ಮೊದಲು ಇಂಜಿನ್ನಿನ ಹಿಂಭಾಗಕ್ಕೆ ಹಲಗೆ ಇಟ್ಟು ಜಾಕ್ ಕೊಡಿ. ಬಾಕ್ಸಿನ ಮೌಂಟಿಂಗ್ ಹೋದರೆ ಇಂಜಿನ್ ಹಿಂದಕ್ಕೆ ಕುಸಿಯುತ್ತದೆ, ಮುಂದೆ ಫ್ಯಾನು ರೇಡಿಯೇಟರಿನ ಕವಚಕ್ಕೆ ತಾಗುತ್ತದೆ. ಬಾಕ್ಸಿಗೆ ಬೇರೆ ಜಾಕು. ಬೆಲ್ ಹೌಸಿಂಗಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಹೌಸಿಂಗಿನ ಆಕಾರ ಗೀಚಿ, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದದ್ದು ಗಿಡ್ಡದ್ದರ ಜಾಗಕ್ಕೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ. ಬಿಗಿಯಾದಂತೆ ಅನಿಸಿದರೂ ಹೌಸಿಂಗ್ ಸಡಿಲವೇ.

ಕರಾವಳಿಯ ಗಾಡಿಗಳಲ್ಲಿ ಇನ್ನೊಂದು ತಲೆನೋವು: ಉಪ್ಪುಗಾಳಿಗೆ ಬಾಕ್ಸನ್ನು ಇಂಜಿನ್ನಿಗೆ ಸರಿಯಾದ ಜಾಗದಲ್ಲಿ ಕೂರಿಸುವ ಡಾವೆಲ್ ಪಿನ್ ಹೌಸಿಂಗಿಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸಂದಿಯಲ್ಲಿ ಉಳಿ ಇಟ್ಟು ಒಂದೇ ಬದಿ ಮೀಟಿದರೆ ಮುಖ ಕಚ್ಚಾಗುತ್ತದೆ. ಸುತ್ತಲೂ ಎರಡು ಮೂರು ಮಿ.ಮೀ. ಸಮನಾಗಿ ಬಿಡಿಸುತ್ತ ಬನ್ನಿ.

ಭೋಸರಿ ಬಾಕ್ಸ್:
ಎಳಿಯೂವಾಗ ಬಾಕ್ಸ್ ನೆಟ್ಟಗ ಹಿಂದಕ್ಕ ಬರಬೇಕು. ಶಾಫ್ಟ್ ಪೂರಾ ಹೊರಗ ಬರೂ ತನಕ ಜಾಕ್ ಇಳಿಸಬ್ಯಾಡ್ರಿ. ಬಾಕ್ಸಿನ ಭಾರ ಶಾಫ್ಟಿನ ಮ್ಯಾಲೆ ಜೋತ್ರ ಕ್ಲಚ್ ಪ್ಲೇಟಿನ ಹಬ್ ಸೊಟ್ಟ ಆಗತೈತಿ, ಆಮ್ಯಾಲೆ ಕ್ಲಚ್ ಬಿಡೂದ ಇಲ್ಲ. ಕೂರಿಸೂವಾಗಂತೂ ಇನ್ನೂ ಹುಷಾರ. ಭಾಳ ಗಾಡಿ ಕೆಡೂದು ಅಲ್ಲೇ.

ಕುರ್ಲಾ ಕ್ಲಚ್:
ಬಾಕ್ಸ್ ಕೆಳಗಿದೆ ಅಂದಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಎಲ್ಲ ಹೊಸತು ಹಾಕಿ. ಇವುಗಳಲ್ಲಿ ಒಂದು ಆರು ತಿಂಗಳಿಗೆ ಕೈಕೊಟ್ಟರೂ ಮತ್ತೆ ಇದೇ ಮಜೂರಿ. ಫ್ಲೈವೀಲಿನಲ್ಲಿ (ಇಂಜಿನ್ನಿನ ಹಿಂದಿನ ಭಾರದ ಚಕ್ರ) ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದ್ದರೆ ಲೇತಿಗೆ ಕೊಡಿ.

ಪೈಲಟ್ ಬೇರಿಂಗ್ ತೆಗೆಯಲು ಪುಲ್ಲರ್ ಇಲ್ಲವಾ? ತೂತಿನ ತುಂಬ ಗ್ರೀಸ್ ತುಂಬಿ, ಅದೇ ಅಳತೆಯ ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಗ್ರೀಸಿಗೆ ಹೋಗಲು ಬೇರೆ ಜಾಗ ಇಲ್ಲ, ಬೇರಿಂಗಿನ ಹಿಂದೆ ಸೇರಿ ಅದನ್ನೇ ಹೊರಗೆ ತಳ್ತದೆ. ರಾಡ್ ಸಡಿಲ ಇದ್ದರೆ ಟೇಪ್ ಸುತ್ತಿ, ಇಲ್ಲದಿದ್ದರೆ ಗ್ರೀಸು ಮುಖಕ್ಕೆ. ಫ್ಲೈವೀಲ್ ಕೊನೆಗೆ ಪೆಟ್ರೋಲಿನಲ್ಲಿ ಒರೆಸುವುದು ಮರೆಯಬೇಡಿ.

ಚಿಂಚವಡ್ ಲೇತ್:
ಫ್ಲೈವೀಲ್ ಮುಖ ಎಷ್ಟು ತೆಗೆದ್ರಿ ಅನ್ನೋದನ್ನ ಬರೆಸ್ಕೊಳ್ಳಿ. ಪ್ರೆಶರ್ ಪ್ಲೇಟ್ ಕೂರೋ ಮುಖ ಬೇರೆ ಎತ್ತರದಲ್ಲಿದ್ದರೆ ಅಷ್ಟೇ ಅಳತೆ ಅಲ್ಲೂ ತೆಗೀಬೇಕು. ಇಲ್ಲಾಂದ್ರೆ ಒತ್ತಡ ಕಮ್ಮಿಯಾಗಿ ಹೊಸ ಕ್ಲಚ್ಚೂ ಜಾರುತ್ತೆ.

ಭೋಸರಿ ಬಾಕ್ಸ್:
ಈಗ ಕೂರಿಸೂದು. ಕ್ಲಚ್ ಪ್ಲೇಟಿನ ಮ್ಯಾಲೆ ಫ್ಲೈವೀಲ್ ಸೈಡ್ ಅಂತ ಬರದಿರತೈತಿ, ಓದಿ ಹಾಕ್ರಿ. ಸೆಂಟರ್ ಹಿಡಿಯಾಕ ಗುಜರಿದಾಗಿಂದು ಒಂದು ಹಳೇ ಕ್ಲಚ್ ಶಾಫ್ಟ್ ತಂದ್ರ ಅದಕ್ಕಿಂತ ಚಲೋ ಹತ್ಯಾರ ಇಲ್ಲ. ಶಾಫ್ಟ್ ಒಳಗ ಇದ್ದಾಗನ ಪ್ರೆಶರ್ ಪ್ಲೇಟಿನ ಬೋಲ್ಟು ಎದುರುಬದುರು, ಅರ್ಧರ್ಧ ಸುತ್ತು ಬಿಗೀರಿ. ಒಂದ ಕಡೆ ಪೂರಾ ಬಿಗದ್ರ ಕವರ್ ಸೊಟ್ಟಾಗತೈತಿ, ಆಮ್ಯಾಲೆ ಗಾಡಿ ಎತ್ತೂವಾಗ ಗಡಗಡ ನಡಗತೈತಿ. ಕಂಪನಿ ಪುಸ್ತಕದ ಟಾರ್ಕ್ ಸಿಕ್ರ ಅದ ಖರೆ. ಸಿಗದಿದ್ರ 8.8 ಗ್ರೇಡಿನ ಎಂ8 ಬೋಲ್ಟಿಗೆ 25 ನ್ಯೂಟನ್ ಮೀಟರ್ ದಾಟಬ್ಯಾಡ್ರಿ, ಎಂ10ಕ್ಕ 45ರ ಸುತ್ತಮುತ್ತ. ಅಲ್ಯೂಮಿನಿಯಂ ಥ್ರೆಡ್ ಆದ್ರ ಇನ್ನೂ ಕಡಿಮಿ.

ಕ್ಲಚ್ ಶಾಫ್ಟಿನ ಸ್ಪ್ಲೈನಿಗೆ ಗ್ರೀಸು ಕಾಡಿಗಿ ಹಚ್ಚಿದಷ್ಟ ಸಾಕು, ಹೆಚ್ಚಾದ್ರ ಚಿಮ್ಮಿ ಪ್ಲೇಟಿಗೆ ಬಡೀತೈತಿ.

ಬಾಕ್ಸ್ ಎತ್ತೂ ಮೊದಲ ಅದ ಥ್ರೆಡ್ಡಿನ ಎರಡು ಉದ್ದನ ಬೋಲ್ಟು ತಂದು ತಲಿ ಕೊಯ್ದು, ತುದಿಗೆ ಸ್ಕ್ರೂಡ್ರೈವರ್ ಹಿಡಿಯೂವಂಗ ಗೀರು ಹಾಕ್ರಿ. ಇಂಜಿನ್ನಿನ ಎರಡೂ ಬದಿ ಹಾಕಿಟ್ರ ಬಾಕ್ಸ್ ಅದರ ಮ್ಯಾಲೆ ಜಾರಕೋತ ಬರತೈತಿ, ಭಾರ ಶಾಫ್ಟಿಗೆ ಬೀಳೂದಿಲ್ಲ. ಡಾವೆಲ್ ಪಿನ್ ಎರಡೂ ಅದಾವಿಲ್ಲೋ ಎಣಿಸ್ರಿ. ಹಳೇ ಬಾಕ್ಸಿನ ಜೋಡಿ ಒಂದು ಪಿನ್ ಹೋಗಿಬಿಟ್ಟಿರತೈತಿ. ಪಿನ್ ಇಲ್ಲದ ಕೂಡಿಸಿದ್ರ ಬಾಕ್ಸ್ ಕೂದಲೆಳಿಯಷ್ಟು ಸರದು ಕೂರತೈತಿ, ಪೈಲಟ್ ಬೇರಿಂಗು ಮತ್ತ ಕ್ಲಚ್ ಶಾಫ್ಟಿನ ಬೇರಿಂಗು ದಿನಾ ತಿಕ್ಕಾಡಿ ಹಾಳಾಗತಾವು. ಎರಡು ಮುಖದ ನಡುವ ಪೇಂಟಿನ ಚಕ್ಕಳ, ಸಿಲಿಕಾನ್ ಏನೂ ಇರಬಾರದು, ಬರೇ ಲೋಹ.

ಗುಲ್ಟೇಕಡಿ ಗಾಡಿ:
ಎರಡು ಬೆರಳು ಸಂದಿ ಉಳದದ, ಮುಂದ ಹೋಗಲ್ದು. ಬೋಲ್ಟು ಹಾಕಿ ಎಳಕೊಂಡ್ರ ಬರ್ತದೇನ್ರಿ?

ಭೋಸರಿ ಬಾಕ್ಸ್:
ಬ್ಯಾಡ! ಬೋಲ್ಟಿಲೆ ಎಳದ್ರ ಹೌಸಿಂಗಿನ ಕಿವಿ ಮುರೀತೈತಿ, ಇಲ್ಲಾ ಪ್ಲೇಟಿನ ಹಬ್ ಒಡೀತೈತಿ. ಎರಡು ಬೆರಳು ಅಂದ್ರ ಸ್ಪ್ಲೈನ್ ಕೂಡಿಲ್ಲ ಇಲ್ಲಾ ತುದಿ ಪೈಲಟ್ ಬೇರಿಂಗಿನ ಬಾಯಾಗ ನಿಂತೈತಿ. ಬಾಕ್ಸನ್ನ ನಾಲ್ಕನೇ ಗೇರಿಗೆ ಹಾಕಿ, ತಮ್ಮಗ ಹಿಂದಿನ ಫ್ಲೇಂಜ್ ಮೆಲ್ಲಕ ತಿರಗಸಂತ ಹೇಳ್ರಿ, ನೀವು ನೂಕ್ರಿ. ಆಗದಿದ್ರ ಸುತ್ತಲೂ ಸಂದಿ ಅಳೀರಿ. ಮ್ಯಾಲೆ ಜಾಸ್ತಿ ಕೆಳಗ ಕಡಿಮಿ ಇದ್ರ ಬಾಕ್ಸಿನ ಬಾಲ ಕೆಳಗ ಜೋತೈತಿ, ಜಾಕ್ ಎತ್ರಿ. ಸಂದಿ ಸರೀಸಮ ಆದ್ರ ಕೈಲೆ ನೂಕಿದ್ರೂ ಠಕ್ ಅಂತ ಮುಖಕ್ಕ ಮುಖ ಕೂಡತೈತಿ. ಆ ಠಕ್ ಕೇಳೂ ತನಕ ಬೋಲ್ಟು ಮುಟ್ಟಬ್ಯಾಡ್ರಿ.

ಗುಲ್ಟೇಕಡಿ ಗಾಡಿ:
ಬಾಲ ಜೋತಿತ್ತು. ಜಾಕ್ ಎತ್ತಿದ್ಮ್ಯಾಲ ಕೂತ್ತು. ಆಯಿಲ್ ಯಾವ್ದು? ಅಂಗಡ್ಯಾಗ "ಜಿಎಲ್-5 ಹಾಕ್ರಿ, ನಾಕಕ್ಕಿಂತ ಐದು ದೊಡ್ಡದು" ಅಂದ್ರು.

ಕುರ್ಲಾ ಕ್ಲಚ್:
ಜಿಎಲ್ ನಂಬರ್ ಗೇರ್ ಆಯಿಲಿನ ಜಾತಿ ಹೇಳುವುದು, ಅದು ದೊಡ್ಡದು ಸಣ್ಣದರ ಮಾತಲ್ಲ. ಜಿಎಲ್-5 ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ನಿಗೆ ಮಾಡಿದ್ದು. ಅದರಲ್ಲಿ ಗಂಧಕ-ರಂಜಕದ ಮದ್ದು ಹೆಚ್ಚು, ಕೆಲವು ಆಯಿಲ್‌ಗಳಲ್ಲಿ ಅದು ಹಿತ್ತಾಳೆ ರಿಂಗನ್ನು ತಿನ್ನುತ್ತದೆ. ಜಾರುವಿಕೆಯೂ ಜಾಸ್ತಿ, ಸಿಂಕ್ರೋ ಕೆಲಸ ಮಾಡುವುದೇ ತಿಕ್ಕಾಟದಿಂದ. ಪುಸ್ತಕದಲ್ಲಿ ಜಿಎಲ್-4 ಅಂತ ಇದ್ದರೆ ಜಿಎಲ್-4, ದಪ್ಪವೂ ಅದರಲ್ಲಿ ಹೇಳಿದ್ದೇ. ಮಟ್ಟ ನೆಲದಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿನಿಂದ ತೊಟ್ಟಿಕ್ಕುವ ತನಕ ತುಂಬಿ, ನಿಂತ ಮೇಲೆ ಪ್ಲಗ್. ಹೆಚ್ಚು ತುಂಬಿದರೆ ನೊರೆ ಎದ್ದು ಸೀಲಿನಿಂದ ಹೊರಗೆ ಬರ್ತದೆ.

ವಾಸ್ಕೊ ವರ್ಕ್‌ಶಾಪ್:
ಬ್ರೀದರ್ ತೂತು (ಬಾಕ್ಸಿನ ಗಾಳಿ ಆಡುವ ದಾರಿ) ತಂತಿ ಹಾಕಿ ಬಿಡಿಸಿ. ಮಣ್ಣು ಕಟ್ಟಿದ್ದರೆ ಬಿಸಿಯಾದ ಗಾಳಿಗೆ ದಾರಿ ಇಲ್ಲ, ಹೊಸ ಸೀಲಿನಿಂದಲೂ ಆಯಿಲ್ ಜಿನುಗುತ್ತದೆ. ಮಳೆಗಾಲದಲ್ಲಿ ಅದರ ಉಲ್ಟಾ: ಬಿಸಿ ಬಾಕ್ಸ್ ತಣ್ಣೀರಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದ ನೀರು ಎಳೆದುಕೊಳ್ಳುತ್ತದೆ. ಮುಂಬೈಯ ಅಂಧೇರಿ ಸಬ್‌ವೇಯಂಥ ಕಡೆ ನೀರಲ್ಲಿ ನಿಂತ ಗಾಡಿಯ ಆಯಿಲ್ ಮಾರನೇ ದಿನವೇ ಬದಲಿಸಬೇಕು. ಬ್ರೀದರಿಗೆ ರಬ್ಬರ್ ಪೈಪ್ ಸಿಕ್ಕಿಸಿ ಮೇಲಕ್ಕೆ ಕಟ್ಟಿದರೆ ಇನ್ನೂ ಒಳ್ಳೆಯದು.

ಇನ್ನೊಂದು, ಗಾಡಿ ಕೆಟ್ಟು ಹಿಂದಿನ ಚಕ್ರ ನೆಲದಲ್ಲಿಟ್ಟು ದೂರ ಎಳೆಸುವುದಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ. ಇಂಜಿನ್ ಬಂದ್ ಇದ್ದರೆ ಕೌಂಟರ್ ಶಾಫ್ಟ್ ತಿರುಗದು, ಆಯಿಲ್ ಮೇಲಕ್ಕೆ ಚಿಮ್ಮದು, ಚಕ್ರದ ಕಡೆಗೆ ಕೂಡಿದ ಮೇನ್ ಶಾಫ್ಟ್ ಮಾತ್ರ ಒಣಗಿ ತಿರುಗುತ್ತಲೇ ಇರುತ್ತದೆ. ಘಾಟಿನಲ್ಲಿ ಇಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಇಳಿಸುವವರ ಬಾಕ್ಸಿಗೂ ಇದೇ ಗತಿ. ಬ್ರೇಕಿನ ಮಾತು ಬೇರೆಯೇ.

ಗುಲ್ಟೇಕಡಿ ಗಾಡಿ:
ಗಾಡಿ ಓಡ್ಯಾಡ್ತದ. ನ್ಯೂಟ್ರಲ್ ಸಪ್ಪಳ ಇಲ್ಲ, ಮೂರನೇದು ಘಾಟಿನಾಗೂ ನಿಲ್ತದ. ಆದ್ರ ಸ್ಪೀಡೋಮೀಟರ್ 60 ತೋರಸ್ತದ, ಫೋನಿನ ಜಿಪಿಎಸ್ 52 ಅಂತದ. ಮೊದಲ ಹಿಂಗಿರಲಿಲ್ಲ.

ಚಿಂಚವಡ್ ಲೇತ್:
ಬಾಕ್ಸ್ ಬೇರೆ ಟೈರ್ ಸೈಜಿನ, ಇಲ್ಲವೇ ಬೇರೆ ಹೌಸಿಂಗ್ ರೇಶಿಯೋದ ಗಾಡಿಯಿಂದ ಬಂದಿದೆ. ಕೇಬಲ್ ಸಿಕ್ಕಿಸೋ ಜಾಗದಲ್ಲಿರೋ ಸಣ್ಣ ಪಿನಿಯನ್ ತೆಗೆದು ಹಲ್ಲು ಎಣಿಸಿ, ಹಳೇ ಬಾಕ್ಸಿನದ್ದನ್ನೂ ಎಣಿಸಿ. ಹಳೇದರಲ್ಲಿ ಹಲ್ಲು ಜಾಸ್ತಿ ಇದ್ದರೆ ಅದನ್ನೇ ಇಲ್ಲಿಗೆ ಹಾಕಿ, ಕೇಬಲ್ ನಿಧಾನ ಸುತ್ತುತ್ತೆ. ಪಿನಿಯನ್ನಿನ ಅಡ್ಡಳತೆ ಬೇರೆಯಾದರೆ ಅದರ ಹೋಲ್ಡರ್ ಸಮೇತ ಬದಲಿಸಿ. ಹಳೇ ಬಾಕ್ಸ್ ಗುಜರಿಗೆ ಹೋಯ್ತಾ?

ಗುಲ್ಟೇಕಡಿ ಗಾಡಿ:
ಇನ್ನಾ ಗಾಡ್ಯಾಗೇ ಅದ. ಈಗೇ ಬಿಚ್ಚತೀನ್ರಿ.

ಭೋಸರಿ ಬಾಕ್ಸ್:
ಅದರ ರಿವರ್ಸ್ ಲೈಟಿನ ಸ್ವಿಚ್ಚೂ ಬಿಚ್ಚಿಟ್ಕೋರಿ. 500 ಕಿ.ಮೀ. ತನಕ ಪೂರ್ತಿ ಲೋಡ್ ಬ್ಯಾಡ, ಹೊಸಾ ಕ್ಲಚ್ ಪ್ಲೇಟ್ ಕೂಡಬೇಕು. ಆಮ್ಯಾಲೆ ಕ್ರಾಸ್ ಮೆಂಬರಿನ ಬೋಲ್ಟು, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟು ಇನ್ನೊಮ್ಮೆ ಪಾನಾ ಹಾಕಿ ನೋಡ್ರಿ.